ಹಳೇ ರೈಫಲ್, ಹೊಸ ಗುಂಡು, ಅಪ್ಪನ ಲೇತ್

ಎರಡು ವರ್ಷದ ಹಿಂದಿನ ಮಾತು. ಎನ್‌ಸಿಸಿಯ ಹತ್ತು ದಿನಗಳ ಕ್ಯಾಂಪ್. ಆರನೇ ದಿನ ನಮ್ಮ ಪ್ಲಟೂನ್‌ಗೆ ಫೈರಿಂಗ್ ಇತ್ತು. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, 25 ಮೀಟರ್ ಆಚೆಯ ಟಾರ್ಗೆಟ್ ನೋಡುತ್ತ ನನ್ನ ಪಾಲಿನ ಐದು ಗುಂಡು ಮುಗಿಸಿದೆ. ನಾಲ್ಕು ನನ್ನ ಟಾರ್ಗೆಟ್‌ಗೆ ಬಿದ್ದಿದ್ದವು, ಒಂದು ಪಕ್ಕದವನ ಟಾರ್ಗೆಟ್‌ಗೆ! ಅವನು ಇವತ್ತಿಗೂ ಅದನ್ನು ತನ್ನ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತಾನೆ.

ಸಂಜೆ ರೈಫಲ್ ಸ್ವಚ್ಛ ಮಾಡುವ ಕೆಲಸ. ಪುಲ್ ಥ್ರೂ ಹಗ್ಗಕ್ಕೆ ಬಟ್ಟೆ ಚಿಂದಿ ಕಟ್ಟಿ ನಳಿಕೆಯೊಳಗೆ ಎಳೆಯುತ್ತಿದ್ದೆ. ನಮ್ಮಲ್ಲಿ ಹೆಚ್ಚಿನವರಿಗೆ ಹಗುರವಾದ ಡೀಲಕ್ಸ್ ರೈಫಲ್ ಸಿಕ್ಕಿತ್ತು. ನನಗೆ ಮಾತ್ರ ಹಳೆಯದೊಂದು ಬಂದಿತ್ತು. ತೂಕ ಸುಮಾರು ನಾಲ್ಕು ಕೆ.ಜಿ. ಹಿಡಿದರೆ ಥೇಟ್ ಸಿನಿಮಾದ ಪೊಲೀಸ್ ಕಾನ್‌ಸ್ಟೆಬಲ್ ಹಿಡಿಯುವ ತ್ರೀ ನಾಟ್ ತ್ರೀ. ಆದರೆ ನಳಿಕೆಯ ಬಾಯಿ ನೋಡಿದರೆ ತೂತು ಪೆನ್ಸಿಲಿಗಿಂತ ಸಣ್ಣದು. ಇನ್ನೂ ಹತ್ತಿರದಿಂದ ನೋಡಿದೆ. ತೂತಿನ ಸುತ್ತ ಕೂದಲಿನಷ್ಟು ತೆಳುವಾದ ಒಂದು ವೃತ್ತ. ಒಂದು ಪೈಪಿನೊಳಗೆ ಇನ್ನೊಂದು ಪೈಪ್ ಕೂರಿಸಿದ ಹಾಗೆ.

ಉಸ್ತಾದರನ್ನು ಕೇಳಿದೆ. ಅವರು ಹರಿಯಾಣದವರು. ‘ಯೇ ಪಹಲೇ ತ್ರೀ ನಾಟ್ ತ್ರೀ ಥಾ, ಬೇಟಾ. ಬಾದ್ ಮೇ ಪಾಯಿಂಟ್ ಟೂ ಟೂ ಬನಾಯಾ’ ಎಂದು ಹೇಳಿ ಚಹಾ ಕುಡಿಯಲು ಹೋದರು. ಇದು ಮೊದಲು ಯುದ್ಧದ ರೈಫಲ್ ಆಗಿತ್ತು, ಆಮೇಲೆ ಇದನ್ನು ಕಲಿಯುವ ಹುಡುಗರ ರೈಫಲ್ ಮಾಡಿದರು ಎಂದು ಅದರರ್ಥ.

ನಾನು ಬಂದೂಕು ಪ್ರೇಮಿಯಲ್ಲ. ಅಪ್ಪ ಲೇತ್ ನಡೆಸುತ್ತಾರೆ, ನಾನು ಮೆಕ್ಯಾನಿಕಲ್ ಬಿಇ ಓದುತ್ತೇನೆ. ಒಂದು ಪೈಪಿನೊಳಗೆ ಇನ್ನೊಂದು ಪೈಪನ್ನು ಅಲ್ಲಾಡದಂತೆ ಕೂರಿಸುವುದು ಎಷ್ಟು ಕಷ್ಟ ಎಂದು ಗೊತ್ತಿದ್ದದ್ದರಿಂದ ಆ ವೃತ್ತ ತಲೆಯಲ್ಲಿ ಕೂತುಬಿಟ್ಟಿತು. ಈ ವರ್ಷ ಟೆಕ್ನಿಕಲ್ ಸೆಮಿನಾರ್‌ಗೆ ವಿಷಯ ಕೊಡಿ ಎಂದಾಗ, ‘ಹಳೆಯ ಸೇನಾ ರೈಫಲ್‌ಗಳ ಕ್ಯಾಲಿಬರ್ ಬದಲಾವಣೆ’ ಎಂದು ಬರೆದುಕೊಟ್ಟೆ. ಎಚ್ಒಡಿ ಸರ್ ಎರಡು ಸಲ ಓದಿ, ಕನ್ನಡಕ ತೆಗೆದು, ‘ಏನಪ್ಪಾ ಇದು?’ ಎಂದರು. ಇತಿಹಾಸ, ಲೋಹ ಮತ್ತು ಅಳತೆ ಇಷ್ಟೇ ಸರ್, ಮಾಡುವ ವಿಧಾನ ಇರುವುದಿಲ್ಲ ಎಂದ ಮೇಲೆ ಸಹಿ ಹಾಕಿದರು. ಆ ಸೆಮಿನಾರ್‌ಗಾಗಿ ಓದಿದ್ದನ್ನು, ಓದುವಾಗ ನನಗೇ ಚುಚ್ಚಿದ ಒಂದು ಸಂಗತಿಯನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮೂರು ಥೌ ವ್ಯತ್ಯಾಸ

ಕ್ಯಾಲಿಬರ್ ಎಂದರೆ ಸರಳವಾಗಿ ನಳಿಕೆಯ ಒಳವ್ಯಾಸ. ತ್ರೀ ನಾಟ್ ತ್ರೀ ಎಂದರೆ 0.303 ಇಂಚು. ಅಪ್ಪನ ಭಾಷೆಯಲ್ಲಿ 303 ಥೌ. ಇಂಚಿನ ಸಾವಿರದ ಒಂದು ಭಾಗಕ್ಕೆ ವರ್ಕ್‌ಶಾಪಿನವರು ‘ಥೌ’ ಎನ್ನುತ್ತಾರೆ. ಮಿಲಿಮೀಟರ್‌ಗೆ ತಂದರೆ 7.7. ಆಮೇಲೆ ಬಂದ 7.62 ಮಿ.ಮೀ. ರೈಫಲ್‌ನ ಅಳತೆ 300 ಥೌ. ಎರಡರ ನಡುವೆ ಹೆಸರಿನಲ್ಲಿರುವ ವ್ಯತ್ಯಾಸ ಬರೀ ಮೂರು ಥೌ. ನಮ್ಮ ತಲೆಯ ಒಂದು ಕೂದಲಿನ ದಪ್ಪದಷ್ಟು.

ಅಷ್ಟೇ ತಾನೇ, ಅದರ ಗುಂಡು ಇದಕ್ಕೆ, ಇದರ ಗುಂಡು ಅದಕ್ಕೆ ಹಾಕಿದರಾಯಿತು ಎನಿಸಬಹುದು. ಆಗುವುದಿಲ್ಲ. ಗುಂಡು ಎಂದು ನಾವು ಕರೆಯುವುದು ನಿಜಕ್ಕೂ ಒಂದು ಪೂರ್ತಿ ಕಾರ್ಟ್ರಿಜ್. ಮುಂದೆ ಬುಲೆಟ್, ಹಿಂದೆ ಮದ್ದು ತುಂಬಿದ ಹಿತ್ತಾಳೆಯ ಕೋಶ. ತ್ರೀ ನಾಟ್ ತ್ರೀಯ ಕೋಶ 56 ಮಿ.ಮೀ. ಉದ್ದ. ಅದರ ಬುಡದಲ್ಲಿ ಲೋಟದ ಅಂಚಿನ ಹಾಗೆ ಹೊರಗೆ ಚಾಚಿದ ಅಂಚು ಇರುತ್ತದೆ. 7.62ರ ಕೋಶ 51 ಮಿ.ಮೀ. ಉದ್ದ. ಅದಕ್ಕೆ ಹಾಗೆ ಹೊರಚಾಚಿದ ಅಂಚಿಲ್ಲ. ಬುಲೆಟ್‌ಗಳ ವ್ಯಾಸವೂ ಬೇರೆ: ಒಂದು ಸುಮಾರು 311 ಥೌ, ಇನ್ನೊಂದು 308.

ಹೀಗಾಗಿ ಕ್ಯಾಲಿಬರ್ ಬದಲಾಯಿಸುವುದೆಂದರೆ ನಳಿಕೆ ಬಿಚ್ಚಿ ಬೇರೆ ನಳಿಕೆ ಹಾಕುವುದಷ್ಟೇ ಅಲ್ಲ. ಕಾರ್ಟ್ರಿಜ್ ಕೂರುವ ಚೇಂಬರ್, ಅದರ ಬುಡ ಒರಗುವ ಬೋಲ್ಟಿನ ಮುಖ, ಖಾಲಿ ಕೋಶವನ್ನು ಹಿಡಿದೆಳೆಯುವ ಕೊಕ್ಕೆ, ಗುಂಡು ತುಂಬುವ ಮ್ಯಾಗಜಿನ್, ಗುರಿ ನೋಡುವ ಸೈಟ್ ಎಲ್ಲವೂ ಹೊಸದಕ್ಕೆ ಹೊಂದಬೇಕು. ಉಳಿಯುವುದು ಒಂದೇ. ಇವೆಲ್ಲವನ್ನೂ ಹಿಡಿದಿಡುವ ಉಕ್ಕಿನ ಒಡಲು, ಅಂದರೆ ರಿಸೀವರ್. ಹೊಸ ಗುಂಡಿನ ಒತ್ತಡವನ್ನು ಆ ಹಳೆಯ ಒಡಲು ತಡೆಯುತ್ತದೋ ಇಲ್ಲವೋ ಎಂಬುದೇ ಇಡೀ ವಿಷಯದ ತಿರುಳು.

ಯುರೋಪಿನ ಮಾನದಂಡದ ಪ್ರಕಾರ ತ್ರೀ ನಾಟ್ ತ್ರೀ ಕಾರ್ಟ್ರಿಜ್‌ನ ಗರಿಷ್ಠ ಒತ್ತಡ 365 ಮೆಗಾಪಾಸ್ಕಲ್. 7.62ಕ್ಕೆ ಸಮನಾದ ನಾಗರಿಕ ಕಾರ್ಟ್ರಿಜ್‌ನದು 415. ಸುಮಾರು ಶೇ 14ರಷ್ಟು ಹೆಚ್ಚು. ಲೇತ್ ಮುಂದೆ ನಿಂತವರಿಗೆ ಗೊತ್ತು, ಶೇ 14 ಸಣ್ಣ ಅಂಕಿಯಲ್ಲ.

ಬಿಸಾಡಲು ಮನಸ್ಸು ಬರಬೇಕಲ್ಲ!

ಇಷ್ಟೆಲ್ಲ ತಲೆಬಿಸಿ ಯಾಕೆ, ಹೊಸದನ್ನೇ ಮಾಡಬಾರದಿತ್ತೇ? ಉತ್ತರ ಲೆಕ್ಕದಲ್ಲಿದೆ. ಎರಡನೇ ಮಹಾಯುದ್ಧ ಮುಗಿದಾಗ ಜಗತ್ತಿನ ಗೋದಾಮುಗಳಲ್ಲಿ ರೈಫಲ್‌ಗಳ ರಾಶಿಯೇ ಬಿದ್ದಿತ್ತು. ಅಮೆರಿಕದ ಗರಾಂಡ್ ರೈಫಲ್ ಒಂದೇ ಸುಮಾರು 40 ಲಕ್ಷದಷ್ಟು ತಯಾರಾಗಿತ್ತು. ನಮ್ಮ ತ್ರೀ ನಾಟ್ ತ್ರೀ, ಅಂದರೆ ಬ್ರಿಟಿಷರ ಲೀ–ಎನ್‌ಫೀಲ್ಡ್, ಎಲ್ಲ ಮಾದರಿ ಸೇರಿ ಸುಮಾರು 1.7 ಕೋಟಿ ಎಂಬ ಅಂದಾಜಿದೆ. ಜೇಮ್ಸ್ ಪ್ಯಾರಿಸ್ ಲೀ ಎಂಬಾತ ಅದರ ಬೋಲ್ಟ್ ವ್ಯವಸ್ಥೆ ರೂಪಿಸಿದವನು. ಎನ್‌ಫೀಲ್ಡ್ ಅದು ತಯಾರಾದ ಇಂಗ್ಲೆಂಡಿನ ಊರು.

1954ರಲ್ಲಿ ನ್ಯಾಟೊ ದೇಶಗಳು 7.62×51 ಕಾರ್ಟ್ರಿಜನ್ನು ಎಲ್ಲರಿಗೂ ಒಂದೇ ಎಂದು ಒಪ್ಪಿಕೊಂಡವು. ಆಗ ಎಲ್ಲ ಸೇನೆಗಳಿಗೂ ಎದುರಾದ ಪ್ರಶ್ನೆ ಒಂದೇ: ಗುಂಡು ಹೊಸದಾಯಿತು, ಗಟ್ಟಿಮುಟ್ಟಾಗಿರುವ ಈ ಹಳೆಯ ರೈಫಲ್‌ಗಳನ್ನೇನು ಮಾಡೋಣ?

ಇಸ್ರೇಲ್‌ನ ಉದಾಹರಣೆ ನನಗೆ ಹೆಚ್ಚು ಕಾಡಿತು. 1948ರಲ್ಲಿ ಹುಟ್ಟಿದ ಆ ದೇಶಕ್ಕೆ ಆರಂಭದಲ್ಲಿ ಸಿಕ್ಕ ರೈಫಲ್‌ಗಳಲ್ಲಿ ಜರ್ಮನಿಯ ಮೌಸರ್‌ಗಳೂ ಇದ್ದವು. ಕೆಲವುಗಳ ಮೇಲೆ ನಾಜಿ ಆಡಳಿತದ ಮುದ್ರೆಯೇ ಇತ್ತು. ಯಾರ ಕೈಯಲ್ಲಿದ್ದದ್ದು ಯಾರ ಕೈಗೆ ಬಂತು ನೋಡಿ! ಮೌಸರ್‌ನ ಮೂಲ ಗುಂಡು 7.92 ಮಿ.ಮೀ. 1950ರ ದಶಕದ ಕೊನೆಯ ಹೊತ್ತಿಗೆ ಇಸ್ರೇಲ್ ಅವುಗಳಿಗೆ ಹೊಸ ನಳಿಕೆ ಹಾಕಿ 7.62ಕ್ಕೆ ಬದಲಾಯಿಸತೊಡಗಿತು. ಹಳೆಯ ಗುಂಡಿನ ಜೊತೆ ಗೊಂದಲ ಆಗಬಾರದೆಂದು ಮರದ ಹಿಡಿಯ ಮೇಲೆ ದೊಡ್ಡದಾಗಿ ‘7.62’ ಎಂದು ಅಚ್ಚೊತ್ತಿದರು.

ಇಲ್ಲೊಂದು ಅದೃಷ್ಟವೂ ಇತ್ತು. ಮೌಸರ್‌ನ ಹಳೆಯ ಕಾರ್ಟ್ರಿಜ್‌ನ ಬುಡ ಮತ್ತು 7.62ರ ಬುಡ ಎರಡರ ವ್ಯಾಸವೂ ಸುಮಾರು 12 ಮಿ.ಮೀ. ಹಾಗಾಗಿ ಬೋಲ್ಟಿನ ಮುಖವನ್ನು ಮುಟ್ಟುವ ಅಗತ್ಯವೇ ಬರಲಿಲ್ಲ. ಮೇಲಾಗಿ ಮೌಸರ್‌ನ ಬೋಲ್ಟ್ ಬೀಗ ಹಾಕಿಕೊಳ್ಳುವುದು ಮುಂಭಾಗದಲ್ಲಿ, ಕಾರ್ಟ್ರಿಜ್‌ನ ಬೆನ್ನಿಗೇ. ಲೀ–ಎನ್‌ಫೀಲ್ಡ್‌ನದು ಹಿಂಭಾಗದಲ್ಲಿ. ಅದರಿಂದ ಬೋಲ್ಟ್ ಬೇಗ ಬೇಗ ಆಡಿಸಬಹುದು ನಿಜ, ಆದರೆ ಗುಂಡು ಹಾರುವಾಗ ಬೋಲ್ಟ್ ಮತ್ತು ಒಡಲು ಸ್ವಲ್ಪ ಹಿಗ್ಗುತ್ತವೆ. ಒತ್ತಡ ಹೆಚ್ಚಾದಷ್ಟೂ ಹಿಗ್ಗುವುದೂ ಹೆಚ್ಚು.

ನಾರ್ವೆಯದು ಇನ್ನೊಂದು ಕಥೆ. 1945ರಲ್ಲಿ ಅಲ್ಲಿ ಶರಣಾದ ಜರ್ಮನ್ ಸೇನೆ ಬಿಟ್ಟುಹೋದ ಮೌಸರ್‌ಗಳನ್ನು ಆ ದೇಶ ತನ್ನಲ್ಲೇ ಉಳಿಸಿಕೊಂಡು, ಆಗ ಅಮೆರಿಕ ಬಳಸುತ್ತಿದ್ದ .30–06 ಗುಂಡಿಗೆ ಬದಲಾಯಿಸಿತು. ಆ ಗುಂಡಿನ ಕೋಶ 63 ಮಿ.ಮೀ. ಉದ್ದ. ಮೌಸರ್‌ಗೆ ಅದು ಉದ್ದವಾಯಿತು. ಆದ್ದರಿಂದ ಒಡಲಿನ ಮುಂಭಾಗದಲ್ಲಿ ಒಂದು ಸಣ್ಣ ಕಚ್ಚು ತೆಗೆದು ಜಾಗ ಮಾಡಬೇಕಾಯಿತು. ಸಂಗ್ರಾಹಕರು ಇಂದಿಗೂ ನಾರ್ವೆಯ ಮೌಸರನ್ನು ಆ ಕಚ್ಚು ನೋಡಿ ಗುರುತಿಸುತ್ತಾರೆ.

ಬ್ರಿಟಿಷರು ಎರಡನೇ ಮಹಾಯುದ್ಧ ಕಾಲದ ನಂ.4 ಲೀ–ಎನ್‌ಫೀಲ್ಡ್ ಸ್ನೈಪರ್ ರೈಫಲ್‌ಗಳಿಗೆ ದಪ್ಪ ನಳಿಕೆ ಹಾಕಿ ಎಲ್42ಎ1 ಎಂಬ 7.62 ಸ್ನೈಪರ್ ರೈಫಲ್ ಮಾಡಿಕೊಂಡರು. 1970ರಲ್ಲಿ ಬಂದ ಅದು 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲೂ ಇತ್ತು. ಅಜ್ಜನ ಒಡಲು, ಮೊಮ್ಮಗನ ನಳಿಕೆ!

ಇಶಾಪುರದ ಲೆಕ್ಕಾಚಾರ

ನಮ್ಮ ದೇಶದಲ್ಲಿ ಈ ಕೆಲಸದ ತವರು ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ. ಹೂಗ್ಲಿ ನದಿಯ ದಡದಲ್ಲಿರುವ ಈ ಕಾರ್ಖಾನೆ ಶುರುವಾದದ್ದು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ. ಇಲ್ಲಿ ಒಂದೇ ತ್ರೀ ನಾಟ್ ತ್ರೀ ವಿನ್ಯಾಸ ಎಷ್ಟು ಅವತಾರ ಎತ್ತಿತು ನೋಡಿ.

ಒಂದು, .410 ಮಸ್ಕೆಟ್. ಬ್ರಿಟಿಷರ ಕಾಲದಲ್ಲಿ ಪೊಲೀಸರಿಗೆ, ಕಾವಲಿನವರಿಗೆ ಕೊಡಲು ತ್ರೀ ನಾಟ್ ತ್ರೀ ನಳಿಕೆಯ ಬದಲು ಒಳಗೆ ಗೀರುಗಳಿಲ್ಲದ ನುಣುಪು ನಳಿಕೆ ಹಾಕಿದರು. ಮ್ಯಾಗಜಿನ್ ಜಾಗಕ್ಕೆ ಮರದ ತುಂಡು ತುರುಕಿ, ಒಂದು ಸಲಕ್ಕೆ ಒಂದೇ ಗುಂಡು ಎಂದು ಮಾಡಿಟ್ಟರು. ಎಂಜಿನಿಯರಿಂಗ್‌ನಲ್ಲಿ ನಾವು ಯಾವಾಗಲೂ ‘ಇಂಪ್ರೂವ್’ ಮಾಡುವುದನ್ನೇ ಕಲಿಯುತ್ತೇವೆ. ಇಲ್ಲಿ ಬೇಕೆಂದೇ ಸಾಮರ್ಥ್ಯ ತಗ್ಗಿಸಿದರು. ಹಿಡಿದವನು ನಮ್ಮವನು, ಅವನ ಕೈಗೆ ಪೂರ್ತಿ ಶಕ್ತಿಯ ರೈಫಲ್ ಕೊಡಲು ಆಳುವವರಿಗೆ ನಂಬಿಕೆ ಸಾಲದು ಎಂಬುದು ಆ ಮರದ ತುಂಡನ್ನು ನೋಡಿದರೇ ತಿಳಿಯುತ್ತದೆ.

ಎರಡು, .315 ಸ್ಪೋರ್ಟಿಂಗ್ ರೈಫಲ್. ಸೇನೆಯ ಗುಂಡು ನಾಗರಿಕರ ರೈಫಲ್‌ಗೆ ಆಗಬಾರದೆಂಬ ನಿಯಮಕ್ಕೆ ಹೊಂದುವಂತೆ ಅದೇ ಬೋಲ್ಟ್ ವಿನ್ಯಾಸಕ್ಕೆ ಬೇರೆ ಅಳತೆಯ ನಳಿಕೆ. ಇಲ್ಲಿ ಕ್ಯಾಲಿಬರ್ ನಿರ್ಧರಿಸಿದ್ದು ಕಾನೂನು.

ಮೂರು, ನಾನು ಕ್ಯಾಂಪಿನಲ್ಲಿ ಹಿಡಿದಂಥ .22 ತರಬೇತಿ ರೈಫಲ್. ಬ್ರಿಟನ್ನಿನಲ್ಲಿ ಶುರುವಾದ ಪದ್ಧತಿ ಇದು. ಹೊಸಬರ ಕೈಗೆ ಒಮ್ಮೆಲೇ ದೊಡ್ಡ ರೈಫಲ್ ಕೊಟ್ಟರೆ ಹೆಗಲಿಗೆ ಬೀಳುವ ಒದೆತಕ್ಕೆ ಹೆದರಿ ಕಣ್ಣು ಮುಚ್ಚುತ್ತಾರೆ. ಗುಂಡಿಗೂ ದುಡ್ಡು ಹೆಚ್ಚು. ಅದಕ್ಕೆ ತೂಕ, ಉದ್ದ, ಬೋಲ್ಟ್ ಎಲ್ಲ ಯುದ್ಧದ ರೈಫಲ್‌ನದೇ ಇಟ್ಟುಕೊಂಡು ಗುಂಡು ಮಾತ್ರ ಚಿಕ್ಕದು ಮಾಡಿದರು. ಕೆಲವಕ್ಕೆ ಪೂರ್ತಿ ಹೊಸ ನಳಿಕೆ, ಕೆಲವಕ್ಕೆ ಹಳೆಯ ನಳಿಕೆಯನ್ನೇ ದೊಡ್ಡದಾಗಿ ಕೊರೆದು ಒಳಗೆ ಉಕ್ಕಿನ ಕೊಳವೆ. ನಾನು ನೋಡಿದ ಆ ವೃತ್ತ ಇದೇ. .22 ಗುಂಡಿಗೆ ಪಿನ್ ಹೊಡೆಯುವುದು ಬುಡದ ನಡುವೆ ಅಲ್ಲ, ಅಂಚಿಗೆ. ಹಾಗಾಗಿ ಬೋಲ್ಟಿನ ತಲೆಯೂ ಬೇರೆಯೇ.

ನಾಲ್ಕನೆಯದು 2ಎ. ಇದರ ಬಗ್ಗೆ ನಾನೂ ತಪ್ಪು ತಿಳಿದಿದ್ದೆ. 1962ರ ಚೀನಾ ಯುದ್ಧದಲ್ಲಿ ನಮ್ಮ ಯೋಧರ ಕೈಯಲ್ಲಿದ್ದದ್ದು ಬಹುಪಾಲು ಒಂದೊಂದೇ ಸಲ ಬೋಲ್ಟ್ ಎಳೆದು ಹೊಡೆಯುವ ತ್ರೀ ನಾಟ್ ತ್ರೀ. ಆಮೇಲೆ ಸೇನೆ 7.62ರ ಸ್ವಯಂಲೋಡಿಂಗ್ ರೈಫಲ್‌ಗೆ ಹೊರಳಿತು. ಅದು ಎಲ್ಲರಿಗೂ ಸಿಗುವವರೆಗೆ ಅದೇ ಗುಂಡು ಬಳಸುವ ಇನ್ನೊಂದು ರೈಫಲ್ ಬೇಕಿತ್ತು. ಆಗ ಇಶಾಪುರದಲ್ಲಿ ಬಂದದ್ದು 2ಎ, ಅದರ ಬೆನ್ನಿಗೆ 2ಎ1. ನೋಡಲು ತ್ರೀ ನಾಟ್ ತ್ರೀಯ ಅವಳಿ. ಮ್ಯಾಗಜಿನ್ ಮಾತ್ರ ಚೌಕಟ್ಟಾಗಿ, ಹತ್ತರ ಬದಲು 12 ಗುಂಡಿನದು.

ಹಳೆಯ ತ್ರೀ ನಾಟ್ ತ್ರೀಗಳಿಗೇ ನಳಿಕೆ ಬದಲಿಸಿ 2ಎ ಮಾಡಿದರು ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಅವು ಹೊಸದಾಗಿ ತಯಾರಾದ ರೈಫಲ್‌ಗಳು, ಒಡಲಿಗೆ ಬಳಸಿದ್ದು ಇನ್ನೂ ಗಟ್ಟಿಯಾದ ಉಕ್ಕು. ಹೆಚ್ಚಿನ ಒತ್ತಡದ ಗುಂಡಿಗೆ ಹಳೆಯ ಒಡಲನ್ನು ನೆಚ್ಚಿಕೊಳ್ಳುವ ಬದಲು, ವಿನ್ಯಾಸ ಉಳಿಸಿಕೊಂಡು ಲೋಹ ಬದಲಿಸಿದರು. ಸೆಮಿನಾರ್‌ನಲ್ಲಿ ಈ ಸ್ಲೈಡ್ ಬಂದಾಗ ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಟ್ಟರು.

ಹೊರಬಂದ ಬುಷ್

ಈಗ ನನಗೆ ಚುಚ್ಚಿದ ಸಂಗತಿಗೆ ಬರುತ್ತೇನೆ.

1960ರ ದಶಕದಲ್ಲಿ ಅಮೆರಿಕದ ನೌಕಾಪಡೆ ತನ್ನ ಗರಾಂಡ್‌ಗಳನ್ನು .30–06ರಿಂದ 7.62ಕ್ಕೆ ಬದಲಾಯಿಸಲು ಹೊರಟಿತು. ಎರಡೂ ಗುಂಡಿನ ಬುಲೆಟ್ ವ್ಯಾಸ ಒಂದೇ, 308 ಥೌ. ಉದ್ದ ಮಾತ್ರ ಬೇರೆ, 63 ಮತ್ತು 51. ಹೊಸ ನಳಿಕೆ ಏಕೆ ಬೇಕು, ಚೇಂಬರ್‌ನೊಳಗೆ ಒಂದು ಸಣ್ಣ ಬುಷ್ ಕೂರಿಸಿ ಉದ್ದ ಕಡಿಮೆ ಮಾಡಿದರೆ ಸಾಕಲ್ಲ ಎಂದು ಯೋಚಿಸಿದರು. ಅಗ್ಗದ ಉಪಾಯ, ಕಾಗದದ ಮೇಲೆ ಸರಿಯಾದ ಉಪಾಯ. ಆದರೆ ಗುಂಡು ಹಾರಿಸುವಾಗ ಕೆಲವು ರೈಫಲ್‌ಗಳಲ್ಲಿ ಖಾಲಿ ಕೋಶದ ಜೊತೆ ಬುಷ್ ಕೂಡ ಕಿತ್ತುಕೊಂಡು ಹೊರಬರತೊಡಗಿತು. ಕೊನೆಗೆ ಬುಷ್ ಕೈಬಿಟ್ಟು, 7.62ಕ್ಕೆಂದೇ ಮಾಡಿದ ಹೊಸ ನಳಿಕೆ ಹಾಕಬೇಕಾಯಿತು.

ಇದನ್ನು ಓದಿದಾಗ ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದೂವರೆ. ಪುಸ್ತಕ ಮುಚ್ಚಿಟ್ಟು ಹೊರಗೆ ಬಂದು ನಿಂತೆ. ಯಾಕೆಂದರೆ ನಾನೂ ಒಂದು ಬುಷ್ ಹಾಕಿದ್ದೆ, ಅದೂ ಹೊರಗೆ ಬಂದಿತ್ತು.

ಕಳೆದ ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯ ನಮ್ಮ ಶೆಡ್ಡಿನಲ್ಲಿದ್ದೆ. ಅಪ್ಪ ಮದುವೆಗೆಂದು ಎರಡು ದಿನ ಊರಿಗೆ ಹೋಗಿದ್ದರು. ಕಬ್ಬಿನ ಹಾಲಿನ ಅಂಗಡಿಯವರೊಬ್ಬರು ಗಾಣ ತಂದರು. ಬೇಸಿಗೆ, ಅವರ ದುಡಿಮೆಯ ಕಾಲ. ರೋಲರ್‌ನ ಬುಷ್ ಸವೆದಿತ್ತು. ‘ಇವತ್ತ ಬೇಕ್ರೀ ಅಣ್ಣಾರ’ ಎಂದರು. ನನಗೋ ಬಿಇ ಓದುವ ಹುರುಪು. ಗನ್ ಮೆಟಲ್ ತುಂಡು ತೆಗೆದುಕೊಂಡು ಬುಷ್ ತಿರುವಿದೆ. ಹಿಂದೆ ಫಿರಂಗಿ ಎರಕ ಹೊಯ್ಯುತ್ತಿದ್ದ ಕಂಚಿನ ಜಾತಿಯ ಲೋಹಕ್ಕೇ ಗನ್ ಮೆಟಲ್ ಎಂಬ ಹೆಸರು ಬಂತೆಂದು ಆಗ ನನಗೆ ಗೊತ್ತಿರಲಿಲ್ಲ.

ತಪ್ಪು ಮಾಡಿದ್ದು ಅಳತೆಯಲ್ಲಿ. ಬುಷ್ ಕೂರುವ ತೂತು ಸವೆದು ಮೊಟ್ಟೆಯಾಕಾರಕ್ಕೆ ಹೋಗಿತ್ತು. ನಾನು ಒಂದೇ ಕಡೆ ಅಳೆದು ಅದಕ್ಕೆ ತಕ್ಕಂತೆ ಬುಷ್ ಮಾಡಿದೆ. ಪ್ರೆಸ್‌ನಲ್ಲಿ ಒತ್ತಿ ಕೂರಿಸಬೇಕಾದ್ದು ಸುತ್ತಿಗೆಯ ಎರಡು ಮೆಲು ಏಟಿಗೇ ಒಳಗೆ ಹೋಯಿತು. ಆಗಲೇ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ. ಆದರೂ ಎರಡು ಹನಿ ಅಂಟು ಹಾಕಿ, ಒರೆಸಿ, ದುಡ್ಡು ತೆಗೆದುಕೊಂಡೆ.

ಮೂರನೇ ದಿನ ಬುಷ್ ತಿರುಗಿ ಹೊರಗೆ ಸರಿಯಿತು. ರೋಲರ್ ವಾಲಿ ಗೇರಿನ ಹಲ್ಲು ಮುರಿಯಿತು. ಕಬ್ಬು ತುರುಕುತ್ತಿದ್ದ ಅವರ ಮಗ, ನನಗಿಂತ ಎರಡು ವರ್ಷ ಚಿಕ್ಕವನು, ಸದ್ದಿಗೆ ಹೆದರಿ ಕೈ ಹಿಂದಕ್ಕೆ ಎಳೆದುಕೊಂಡಿದ್ದರಿಂದ ಬೆರಳು ಉಳಿದವು.

ಅಪ್ಪ ಬೈಯಲಿಲ್ಲ. ಹೊರಬಂದ ಬುಷ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಅಂಟು ಕಂಡಿತು.

‘ತಮ್ಮಾ, ಇದು ಸಡ್ಲ ಐತಿ ಅಂತ ನಿನಗ ಗೊತ್ತಿತ್ತು ಹೌದಿಲ್ಲೋ?’

‘ಹೂಂ ಅಪ್ಪಾ.’

‘ಅಳತಿ ತಪ್ಪೂದು ಬ್ಯಾರೆ. ಗೊತ್ತಿದ್ದು ಕೊಡೂದು ಬ್ಯಾರೆ.’

ಗಾಣವನ್ನು ಪುಕ್ಕಟೆ ರಿಪೇರಿ ಮಾಡಿಕೊಟ್ಟರು. ಹೊಸ ಗೇರಿಗೆ 3,800 ರೂಪಾಯಿ ತಮ್ಮ ಕೈಯಿಂದ ಹಾಕಿದರು. ಆಮೇಲೆ ರಜೆ ಮುಗಿಯುವವರೆಗೂ ನನಗೆ ಬೋರಿಂಗ್ ಕೆಲಸ ಕೊಡಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ.

ಹೋಗಬೇಕು, ಹೋಗಬಾರದು

ಗರಾಂಡ್‌ನ ಕಥೆ ಓದಿದ ಮೇಲೆ ನನ್ನ ಸೆಮಿನಾರ್‌ನ ಅರ್ಧ ಭಾಗ ಅಳತೆಯ ಬಗ್ಗೆಯೇ ಆಯಿತು. ಮೆಟ್ರಾಲಜಿ ಲ್ಯಾಬಿನಲ್ಲಿ ನಮಗೆ ಗೋ–ನೋಗೋ ಗೇಜ್ ತೋರಿಸುತ್ತಾರೆ. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಎರಡೂ ಹೋದರೆ ತೂತು ದೊಡ್ಡದು, ಎರಡೂ ಹೋಗದಿದ್ದರೆ ಚಿಕ್ಕದು. ನಾವು ಅದನ್ನು ರೆಕಾರ್ಡ್ ಬುಕ್‌ನಲ್ಲಿ ಚಿತ್ರ ಬರೆದು ಮರೆತುಬಿಡುತ್ತೇವೆ.

ರೈಫಲ್‌ಗಳಲ್ಲಿ ಇದೇ ತತ್ವದಿಂದ ‘ಹೆಡ್‌ಸ್ಪೇಸ್’ ಅಳೆಯುತ್ತಾರೆ. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ಕಾರ್ಟ್ರಿಜ್ ತಡೆದು ನಿಲ್ಲುವ ಜಾಗಕ್ಕೂ ಇರುವ ಅಂತರ ಅದು. ಹೆಚ್ಚಾದರೆ ಹಿತ್ತಾಳೆಯ ಕೋಶ ಹಿಗ್ಗಿ ಹರಿಯಬಹುದು, ಬಿಸಿ ಅನಿಲ ಹೊಡೆಯುವವನ ಮುಖದ ಕಡೆಗೇ ಬರಬಹುದು. ತ್ರೀ ನಾಟ್ ತ್ರೀಯಲ್ಲಿ ಇದನ್ನು ಅಳೆಯುವುದು ಬುಡದ ಅಂಚಿನಿಂದ, 7.62ರಲ್ಲಿ ಕೋಶದ ಭುಜದಿಂದ. ನಂ.4 ಲೀ–ಎನ್‌ಫೀಲ್ಡ್‌ಗೆ ಬೋಲ್ಟಿನ ತಲೆಗಳು ನಾಲ್ಕು ಅಳತೆಯಲ್ಲಿ ಬರುತ್ತಿದ್ದವು. ಕೆಲವೇ ಥೌ ವ್ಯತ್ಯಾಸದ ತಲೆಗಳು. ಯಾವುದು ಸರಿ ಹೊಂದುತ್ತದೋ ಅದನ್ನು ಆರಿಸಿ ಹಾಕುತ್ತಿದ್ದರು.

ಇಷ್ಟಾದ ಮೇಲೂ ನಂಬುವುದಿಲ್ಲ. ಬ್ರಿಟನ್ನಿನಲ್ಲಿ ಪ್ರೂಫ್ ಹೌಸ್ ಎಂಬ ಸಂಸ್ಥೆಗಳಿವೆ. ಬರ್ಮಿಂಗ್‌ಹ್ಯಾಮ್‌ನದು 1813ರಿಂದ ಇದೆ. ಕ್ಯಾಲಿಬರ್ ಬದಲಾದ ಬಂದೂಕು ಮತ್ತೆ ಅಲ್ಲಿಗೆ ಹೋಗಬೇಕು. ಯುರೋಪಿನ ನಿಯಮದಂತೆ ಗರಿಷ್ಠ ಒತ್ತಡಕ್ಕಿಂತ ಶೇ 25ರಷ್ಟು ಹೆಚ್ಚಿನ ಒತ್ತಡದ ಗುಂಡನ್ನು ಅದರಲ್ಲಿ ಹಾರಿಸುತ್ತಾರೆ. ತಡೆದುಕೊಂಡರೆ ಮುದ್ರೆ, ಇಲ್ಲದಿದ್ದರೆ ಗುಜರಿ.

ಇದು ಯಾರೂ ಶೆಡ್ಡಿನಲ್ಲಿ ಕೈಹಾಕುವ ಕೆಲಸವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ತಯಾರಿಸುವುದಷ್ಟೇ ಅಲ್ಲ, ಅದನ್ನು ಬದಲಾಯಿಸುವುದು, ರಿಪೇರಿ ಮಾಡುವುದೂ ಅಪರಾಧ. ಅಪ್ಪ ಈ ವಿಷಯದಲ್ಲಿ ಬಹಳ ಗಟ್ಟಿ. ‘ಕಬ್ಬಿಣ ಏನರ ತಗೊಂಡ ಬರ್ರಿ, ಅದೊಂದ ಬ್ಯಾಡ’ ಎನ್ನುತ್ತಾರೆ.

ನಮ್ಮ ಕ್ಯಾಲಿಬರ್

ಸೆಮಿನಾರ್ ಮುಗಿದ ವಾರವೇ ಪ್ಲೇಸ್‌ಮೆಂಟ್ ಕುರಿತ ಸಭೆ ಇತ್ತು. ಬರುವ ಕಂಪನಿಗಳಲ್ಲಿ ಹೆಚ್ಚಿನವು ಸಾಫ್ಟ್‌ವೇರ್. ‘ಮೆಕ್ಯಾನಿಕಲ್, ಸಿವಿಲ್‌ನವರೂ ಮೂರು ತಿಂಗಳ ಕೋರ್ಸ್ ಮಾಡಿಕೊಂಡು ಕನ್ವರ್ಟ್ ಆಗಬಹುದು’ ಎಂದು ವೇದಿಕೆಯಿಂದ ಹೇಳಿದರು. ಕನ್ವರ್ಟ್ ಎಂಬ ಪದ ಕೇಳಿ ನನ್ನ ಪಕ್ಕದವನು, ಅದೇ ಟಾರ್ಗೆಟ್‌ನ ಗೆಳೆಯ, ಮೊಣಕೈಯಿಂದ ತಿವಿದು, ‘ಲೇ, ನಿನ್ನ ಸಬ್ಜೆಕ್ಟ್ ಬಂತು ನೋಡೋ’ ಎಂದ.

ನಕ್ಕೆವು. ಆದರೆ ನಗುವ ವಿಷಯವಲ್ಲ. ಮನೆಯಲ್ಲಿ ತಂಗಿ ಪಿಯುಸಿಯಲ್ಲಿದ್ದಾಳೆ. ಶೆಡ್ಡಿನ ಬಾಡಿಗೆ ಏರಿದೆ. ಹೆಚ್ಚು ಸಂಬಳದ ಕೆಲಸ ಬೇಡ ಎನ್ನುವ ಸ್ಥಿತಿಯಲ್ಲಿ ನಾನಿಲ್ಲ. ಸಂಜೆ ಐದೂವರೆಯ ಪೈಥಾನ್ ತರಗತಿಗೆ ನಾನೂ ಹೆಸರು ಕೊಟ್ಟಿದ್ದೇನೆ. ಬದಲಾಗುವುದು ಸೋಲು ಎಂದು ನನಗನಿಸುವುದಿಲ್ಲ. ಅಪ್ಪ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಅವರಿಗೆ ನಲವತ್ತೊಂದು. ಟರ್ನರ್ ಆಗಿದ್ದವರು ಮಾಲೀಕರಾಗಿ, ಗುಮಾಸ್ತರಾಗಿ, ವಸೂಲಿಗೆ ಅಲೆಯುವವರಾಗಿ ಬದಲಾದರು. ಯಾರೂ ಅವರಿಗೆ ಮೂರು ತಿಂಗಳ ಕೋರ್ಸ್ ಕೊಡಲಿಲ್ಲ.

ನನ್ನ ಭಯ ಬೇರೆ. ಬುಷ್ ಹಾಕಿ ಅಂಟು ಬಳಿದಂತೆ ನಾನು ಬದಲಾದರೆ? ಸರ್ಟಿಫಿಕೇಟ್ ಸಿಗುತ್ತದೆ, ಇಂಟರ್‌ವ್ಯೂನಲ್ಲಿ ಕೇಳುವ ಇಪ್ಪತ್ತು ಪ್ರಶ್ನೆಗೆ ಉತ್ತರ ಬಾಯಿಪಾಠವಾಗುತ್ತದೆ, ಮೇಲಿಂದ ನೋಡಿದರೆ ಹೊಂದಿದೆ ಎನಿಸುತ್ತದೆ. ನಿಜವಾದ ಕೆಲಸದ ಒತ್ತಡ ಬಿದ್ದಾಗ ಮೂರನೇ ದಿನಕ್ಕೆ ಕಿತ್ತು ಬಂದರೆ, ಆ ಕಡೆ ಯಾರ ಬೆರಳಿರುತ್ತದೋ? ಸಾಫ್ಟ್‌ವೇರ್ ಬರೆದರೂ ಅದು ಯಾರದೋ ಆಸ್ಪತ್ರೆಯ ಬಿಲ್ಲು, ಯಾರದೋ ಬಸ್ಸಿನ ಬ್ರೇಕು ಆಗಿರುತ್ತದೆ. ಹೀಗಾಗಿ ಕೋರ್ಸಿನಲ್ಲಿ ಅರ್ಥವಾಗದ್ದನ್ನು ಅರ್ಥವಾಯಿತು ಎಂದು ತಲೆಯಾಡಿಸುವುದನ್ನು ನಿಲ್ಲಿಸಿದ್ದೇನೆ. ಎಲ್ಲರೂ ಮುಂದೆ ಹೋದರೂ ಕೈ ಎತ್ತಿ ಮತ್ತೊಮ್ಮೆ ಕೇಳುತ್ತೇನೆ. ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ.

ಮೊನ್ನೆ ದೀಪಾವಳಿಗೆ ಊರಿಗೆ ಹೋಗಿದ್ದೆ. ಆಯುಧಪೂಜೆಯಂದು ಲೇತಿಗೆ ಇಟ್ಟ ಕುಂಕುಮ ಇನ್ನೂ ಹಾಗೇ ಇತ್ತು. ಶೆಡ್ಡಿನ ಬಾಗಿಲಲ್ಲಿ ಅದೇ ಕಬ್ಬಿನ ಹಾಲಿನವರು ನಿಂತಿದ್ದರು. ಈ ಸಲ ಗಾಣದ ಇನ್ನೊಂದು ಕಡೆಯ ಬುಷ್. ನನ್ನನ್ನು ನೋಡಿ ಅವರು ಸ್ವಲ್ಪ ಹಿಂಜರಿದದ್ದು ನನಗೆ ಕಂಡಿತು. ಅಪ್ಪ ಗಾಣ ಕೆಳಗಿಳಿಸಿಕೊಂಡರು. ಡ್ರಾಯರ್‌ನಿಂದ ಬಟ್ಟೆಯಲ್ಲಿ ಸುತ್ತಿದ ಬೋರ್ ಗೇಜ್ ತೆಗೆದು ನನ್ನ ಕೈಗೆ ಕೊಟ್ಟು, ‘ಎಷ್ಟ ಐತಿ ನೋಡಪಾ’ ಎಂದರು.

ಅಡ್ಡಡ್ಡ ಅಳೆದೆ, ಉದ್ದುದ್ದ ಅಳೆದೆ, ಓರೆಯಾಗಿ ಅಳೆದೆ. ನಾಲ್ಕು ಕಡೆ ನಾಲ್ಕು ಅಂಕಿ ಬಂದವು. ಚಾಕ್‌ಪೀಸ್‌ನಿಂದ ನೆಲದ ಮೇಲೆ ನಾಲ್ಕನ್ನೂ ಬರೆದೆ. ಕೊನೆಗೆ, ‘ಅಪ್ಪಾ, ತೂತು ಮೊಟ್ಟಿ ಆಗೇತಿ. ಮೊದಲ ಬೋರ್ ಹೊಡದು ದುಂಡಗ ಮಾಡಬೇಕು. ಇವತ್ತ ಆಗೂದಿಲ್ಲ’ ಎಂದೆ.

ಅಪ್ಪ ಗಿರಾಕಿಯ ಕಡೆ ತಿರುಗಿ, ‘ನಾಳೆ ಸಂಜೀಕ ಬರ್ರಿ’ ಎಂದರು.